ಒಂಟಿ ಪಾದುಕೆಯ ಮೊಕದ್ದಮೆ

ನ್ಯಾಯಾಧೀಶರು ನಕ್ಕರೋ ಇಲ್ಲವೋ, ಈಗ ನನಗೆ ಖಚಿತವಿಲ್ಲ. ಈ ಪ್ರಕರಣವನ್ನು ಗೆಳೆಯರ ಮುಂದೆ ಮೊದಲ ಸಲ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು ಎಂದಷ್ಟೇ ಹೇಳಿದ್ದೆ ಎಂದು ಕಾಣುತ್ತದೆ. ಮುಂದೊಮ್ಮೆ ಹೇಳುವಾಗ ಅವರು ಮುಗುಳ್ನಕ್ಕರು. ನನ್ನ ನಿವೃತ್ತಿಯ ಸಮಾರಂಭದ ಹೊತ್ತಿಗೆ ಮೇಜು ಬಡಿದು ನಗುತ್ತಿದ್ದರು. ಕೇಳಿದವರು ಚಪ್ಪಾಳೆ ತಟ್ಟಿದರು. ಸಾಕ್ಷಿ ಇಲ್ಲದೆ ದೇವರನ್ನೇ ಒಪ್ಪದ ನಾನು ನನ್ನ ನೆನಪನ್ನು ಮಾತ್ರ ಯಾವ ಪಾಟೀಸವಾಲೂ ಇಲ್ಲದೆ ಹೇಗೆ ಒಪ್ಪಲಿ? ಅದಕ್ಕೇ ಮುಂದೆ ಬರೆದಿರುವುದರಲ್ಲಿ ಎಲ್ಲಿ ಅನುಮಾನವಿದೆಯೋ ಅಲ್ಲಿ ಹಾಗೆಂದೇ ಬರೆದಿದ್ದೇನೆ.

ನಾನು ಸಹಾಯಕ ಸರ್ಕಾರಿ ಅಭಿಯೋಜಕನಾಗಿದ್ದೆ. ಜನ ಕರೆಯುವುದು ಸರಕಾರಿ ವಕೀಲ ಎಂದು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಅದು ಅನ್ನ ಹಾಕುವುದಿಲ್ಲವೆಂದು ತಿಳಿದ ಮೇಲೆ ಕಾನೂನು ಓದಿದವನು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಸೀಮೆಯಲ್ಲೇ ನನ್ನ ಹೆಚ್ಚಿನ ವರ್ಷಗಳು ಕಳೆದವು. ಯಾವ ಪ್ರಕರಣ ಯಾವ ಕೋರ್ಟಿನದು, ಯಾವ ಠಾಣೆಯದು ಎಂದು ಹೇಳುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, "ಸರ್, ಧಾರ್ಮಿಕ ಭಾವನೆಯ ಕೇಸು ಬಂದರೆ ಹೇಗೆ ನಡೆಸಬೇಕು?" ಎಂದು ಕೇಳುತ್ತಾರೆ. ಕಳವಿನ ಕೇಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಈಗ ಕಾಯ್ದೆಯ ಹೆಸರು ಬದಲಾಗಿದೆ, ಕಲಮಿನ ಸಂಖ್ಯೆ ಬದಲಾಗಿದೆ. ನೋಯುವವರು ಮಾತ್ರ ಬದಲಾಗಿಲ್ಲ.

ನನಗೆ ಕೆಲಸ ಕಲಿಸಿದವರು ಹಿರಿಯ ಅಭಿಯೋಜಕ ಕುಲಕರ್ಣಿ ಸಾಹೇಬರು. ದಿನಾ ಬೆಳಿಗ್ಗೆ ಪೂಜೆ ಮಾಡಿ ಗಂಧ ಇಟ್ಟುಕೊಂಡು ಬರುತ್ತಿದ್ದರು. ನನ್ನ ನಾಸ್ತಿಕತೆಯನ್ನು ಹಲ್ಲುನೋವಿನಂತೆ ಸಹಿಸಿಕೊಂಡಿದ್ದರು. ನಾನು ಸೇರಿದ ಹೊಸದರಲ್ಲಿ ಸಿಂಧನೂರಿನ ಹತ್ತಿರದ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನ ಬಗ್ಗೆ ಒಂದು ದೂರು ಬಂತು. ಅಲ್ಲಿಯ ಬಂಗಾಳಿಗಳು ತಮ್ಮ ಪೂಜೆಯ ದಿನಗಳಲ್ಲಿ ನಾಟಕ ಆಡುತ್ತಾರೆ. ಆ ವರ್ಷದ ನಾಟಕದಲ್ಲಿ ಒಬ್ಬ ದುರಾಸೆಯ ಪೂಜಾರಿ ಇದ್ದ. ಭತ್ತ ಖರೀದಿಗೆ ಹೋಗಿದ್ದ ಪಟ್ಟಣದ ವ್ಯಾಪಾರಿಯೊಬ್ಬರು ಅದನ್ನು ನೋಡಿ ನೊಂದುಕೊಂಡು ಬಂದಿದ್ದರು. ಪೊಲೀಸರು ಅವರನ್ನು ನಮ್ಮ ಅಭಿಪ್ರಾಯ ಕೇಳಲು ಕಳಿಸಿದರು.

ಕುಲಕರ್ಣಿ ಸಾಹೇಬರು ಚಹಾ ತರಿಸಿ ಕೇಳಿದರು, "ಪೂಜಾರಿ ಏನಂದಾ ನಾಟಕದಾಗ?"

"ಅದು ಬಂಗಾಲಿ ಭಾಷಾರಿ ಸಾಹೇಬ್ರ."

"ನಿಮಗ ಬಂಗಾಲಿ ಬರ್ತದೇನು?"

"ನನಗೆಲ್ಲಿ ಬರ್ತದ್ರಿ."

"ಮತ್ತ ಏನ ಕೇಳಿ ನೊಂದ್ರಿ?"

"ಮಂದಿ ನಕ್ಕರಲ್ರೀ! ಭಟ್ಟ ಬಂದ ಕೂಡ್ಲೆ ಎಲ್ಲಾರೂ ನಗತಿದ್ರು. ಸುಮ್ಮನ ನಗ್ತಾರೇನ್ರಿ? ಏನರ ಅಂದಿರ್ಲಿಕ್ಕೇಬೇಕು."

ಸಾಹೇಬರು ಅವರಿಗೆ ಚಹಾ ಕುಡಿಸಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಪಾ, ಕಳವಿಗೆ ಪಂಚನಾಮೆ ಐತಿ, ಖೂನಿಗೆ ಐತಿ. ಭಾವನಾಕ್ಕ ಪಂಚನಾಮೆ ಇಲ್ಲ. ಪಂಚರು ಏನ ನೋಡಿ ಸಹಿ ಹಾಕ್ತಾರ?" ಎಂದರು. ಈ ಮಾತು ಅವರದೇ. ನಂತರ ನಾನು ಹಲವು ಕಡೆ ನನ್ನದೆಂಬಂತೆ ಹೇಳಿದ್ದರೂ ಅವರದೇ ಎಂಬುದರಲ್ಲಿ ಅನುಮಾನವಿಲ್ಲ.

ಆಗಿನ ದೂರುಗಳಿಗೆ ಒಂದು ಶ್ರಮವಿತ್ತು. ನೊಂದವನು ಎದ್ದು ಬಸ್ಸು ಹಿಡಿಯಬೇಕು, ಅರ್ಜಿ ಬರೆಯುವವನ ಮುಂದೆ ಕೂಡಬೇಕು, ಏನಾಯಿತೆಂದು ಬಾಯಿಬಿಟ್ಟು ಹೇಳಬೇಕು. ಹೇಳುತ್ತ ಹೇಳುತ್ತ ಅವನಿಗೇ ನಗು ಬರುತ್ತಿತ್ತು, ಇಲ್ಲವೇ ಹಸಿವಾಗುತ್ತಿತ್ತು. ಅರ್ಧಕ್ಕರ್ಧ ಭಾವನೆಗಳು ಬಸ್ ನಿಲ್ದಾಣದ ಮಿರ್ಚಿ ಬಜ್ಜಿಯ ಮುಂದೆಯೇ ವಾಸಿಯಾಗುತ್ತಿದ್ದವು. ಮೊಬೈಲು ಬಂದ ಮೇಲೆ ನೋಯುವುದು ಮಲಗಿದಲ್ಲೇ ಆಗುವ ಕೆಲಸವಾಯಿತು. ಊರಲ್ಲಿ ಇಲ್ಲದವನೂ ನೋಯಬಹುದು. ಪೂರ್ತಿ ನೋಡದವನಂತೂ ಇನ್ನೂ ಚೆನ್ನಾಗಿ ನೋಯಬಹುದು.

ಹುಸೇನಪ್ಪನ ಕೇಸು ಬಂದದ್ದು ಹೀಗೆಯೇ.

ಸಂತೆಕಲ್ಲೂರಿನಿಂದ ಆಚೆಗಿನ ಒಂದು ಊರು. ಹೆಸರು ಬೇಡ. ಜೋಳ, ತೊಗರಿ ಬೆಳೆಯುವ ನೆಲ. ಅಲ್ಲಿ ಮುಸ್ಲಿಮರ ಮನೆ ಬೆರಳೆಣಿಕೆಯಷ್ಟು. ಆದರೂ ಮೊಹರಮ್ಮಿಗೆ ಅಲಾಯಿ ದೇವರು, ಅಂದರೆ ಹಸ್ತದಾಕಾರದ ಲೋಹದ ಪಂಜಾಗಳು, ಕೂಡುವುದು ಇಡೀ ಊರಿನ ಹಬ್ಬ. ಆ ದಿನಗಳಲ್ಲಿ ಹರಕೆ ಹೊತ್ತವರು ಸೋಗು ಹಾಕುತ್ತಾರೆ. ಸೋಗು ಎಂದರೆ ಬರೀ ಬಣ್ಣವಲ್ಲ. ಸೋಗು ಹಾಕಿದವನಿಗೆ ಓಣಿಯಲ್ಲಿ ಯಾರನ್ನು ಬೇಕಾದರೂ ಅಣಕಿಸುವ ಹಕ್ಕಿದೆ. ಅಣಕಿಸಿಕೊಂಡವನು ಸಿಟ್ಟಾಗುವಂತಿಲ್ಲ. ಗೌಡ, ಶಾನುಭೋಗ, ಮಾಸ್ತರ, ಎಲ್ಲರೂ ಅದನ್ನು ತಿಂದವರೇ. ದೇವರನ್ನು ಹೊಳೆಗೆ ಕಳಿಸಿದ ಮೇಲೆ ಸೋಗು ಇಳಿಯುತ್ತದೆ, ಮಾತೂ ಇಳಿಯುತ್ತದೆ. ವಿಶ್ವವಿದ್ಯಾಲಯದಲ್ಲಿ ನಾನು ವಾಕ್ ಸ್ವಾತಂತ್ರ್ಯದ ಬಗ್ಗೆ ದಪ್ಪ ಪುಸ್ತಕಗಳನ್ನು ಓದುತ್ತಿದ್ದ ಹೊತ್ತಿನಲ್ಲೇ ಈ ಊರು ಅದನ್ನು ಹಬ್ಬದ ಪಟ್ಟಿಯಲ್ಲಿ ಸೇರಿಸಿಕೊಂಡು ನೆಮ್ಮದಿಯಾಗಿತ್ತು.

ಹುಸೇನಪ್ಪ ಟ್ರ್ಯಾಕ್ಟರ್ ಓಡಿಸುವವನು. ಅವನ ಸೋಗು ಸುತ್ತಲ ಊರುಗಳಿಗೆ ಗೊತ್ತಿತ್ತು. ಅರ್ಧ ಮೈ ಸ್ವಾಮಿ, ಅರ್ಧ ಮೈ ಮುಲ್ಲಾ. ಎಡಗಡೆ ಕಾವಿ, ರುದ್ರಾಕ್ಷಿ, ವಿಭೂತಿ, ಕಾಲಲ್ಲಿ ಕಟ್ಟಿಗೆಯ ಪಾದುಕೆ. ಬಲಗಡೆ ಹಸಿರು ನಿಲುವಂಗಿ, ಅರ್ಧ ಗಡ್ಡ, ಕಾಲಲ್ಲಿ ಚಪ್ಪಲಿ. ಕೈಯಲ್ಲಿ ಒಂದು ತಾಟು, ಅದರಲ್ಲಿ ಹಬ್ಬದ ಸಿಹಿ ರೊಟ್ಟಿ, ಚೋಂಗೆ. ಎಡಗಡೆ ತಿರುಗಿದರೆ ಸ್ವಾಮಿ ಮಾತಾಡುತ್ತಾನೆ, ಬಲಗಡೆ ತಿರುಗಿದರೆ ಮುಲ್ಲಾ.

"ನನ್ನ ದೇವರು ಹಿರೇದು, ಮೊದಲ ತುತ್ತು ನಂದು!"

"ನಿನ್ನ ದೇವರು ಹಿರೇದಾದ್ರ ನನ್ನ ಹೊಟ್ಟಿ ಹಿರೇದು, ಸರಿ ಆ ಕಡಿ!"

ಎರಡೂ ಕೈ ಜಗಳಾಡುತ್ತವೆ. ಕೊನೆಗೆ ಇಬ್ಬರಿಗೂ ರಾಜಿಯಾಗುತ್ತದೆ. "ದೇವರಿಗಂತೂ ಹಸಿವಿಲ್ಲ, ನಡಿ, ನಾವಾ ಉಣ್ಣೋಣು" ಎಂದು ಎರಡು ಕೈಯೂ ಒಂದೇ ತಾಟಿಗೆ ಬೀಳುತ್ತವೆ. ಇದಿಷ್ಟೇ ಅಪರಾಧ.

ಆ ವರ್ಷ ಓಣಿಯ ಎಡಗಡೆಯ ಕಟ್ಟೆಯ ಮೇಲೆ ನಿಂತವನೊಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಅದರಲ್ಲಿ ಸ್ವಾಮಿ ಮಾತ್ರ ಕಾಣುತ್ತಾನೆ. ಬಲಗಡೆಯ ಮಾಳಿಗೆಯಿಂದ ಇನ್ನೊಬ್ಬ ಮಾಡಿದ. ಅದರಲ್ಲಿ ಮುಲ್ಲಾ ಮಾತ್ರ. ಎರಡೂ ತುಣುಕುಗಳು ಬೇರೆ ಬೇರೆ ದಾರಿ ಹಿಡಿದು, ಬೇರೆ ಬೇರೆ ಪಟ್ಟಣದ ಬೇರೆ ಬೇರೆ ಗುಂಪುಗಳಿಗೆ ತಲುಪಿದವು. ಒಂದು ಗುಂಪು, 'ಹುಸೇನ' ಎಂಬ ಹೆಸರು ನೋಡಿ, ಮುಸ್ಲಿಮನೊಬ್ಬ ನಮ್ಮ ಸ್ವಾಮಿಗಳನ್ನು ಅವಮಾನಿಸಿದ್ದಾನೆ ಎಂದು ದೂರು ಕೊಟ್ಟಿತು. ಇನ್ನೊಂದು ಗುಂಪು, ಕೊನೆಯ 'ಅಪ್ಪ' ನೋಡಿ, ಹಿಂದೂ ಒಬ್ಬ ನಮ್ಮ ಮುಲ್ಲಾನನ್ನು ಅವಮಾನಿಸಿದ್ದಾನೆ ಎಂದು ಕೊಟ್ಟಿತು. ಒಂದೇ ಹೊಟ್ಟೆಯ ಎರಡು ಬದಿಗೆ ಎರಡು ದೂರು. ನಮ್ಮ ಸೀಮೆಯಲ್ಲಿ ಮಕ್ಕಳಾಗದವರು ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗನಿಗೆ ಹುಸೇನಪ್ಪ ಎಂದು ಹೆಸರಿಡುತ್ತಾರೆ ಎಂಬುದು ಮಸ್ಕಿಯ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವಳಿಗೂ ಗೊತ್ತು. ಪದವೀಧರ ಅಧ್ಯಕ್ಷರುಗಳಿಗೆ ಗೊತ್ತಿರಲಿಲ್ಲ.

ಮೊದಲ ಗುಂಪಿನ ಅಧ್ಯಕ್ಷ ಶರಣು ಎಂಬ ಯುವಕ. ಬಿಳಿ ಇಸ್ತ್ರಿಯ ಅಂಗಿ, ಎರಡು ಮೊಬೈಲು. ಹೇಳಿಕೆ ಪರಿಶೀಲಿಸುವಾಗ ನಾನು ಹೇಳಿದೆ, "ಈತ ಹಾಲುಮತದವನು. ಮನೆದೇವರು ಬೀರಪ್ಪ."

ಅವನು ಎರಡೂ ಮೊಬೈಲು ಮೇಜಿನ ಮೇಲಿಟ್ಟ.

"ನಮ್ಮಾವೇನ್ರಿ?"

"ನಿಮ್ಮವನೇ."

"ನಮ್ಮಾವಾಗಿ ಹಿಂಗ ಮಾಡ್ಯಾನಂದ್ರ ಇನ್ನೂ ದೊಡ್ಡ ತಪ್ಪಲ್ರೀ! ಬಿಡಬ್ಯಾಡ್ರಿ ಅವನ್ನ."

ನೊಂದವನಿಗೆ ಕಾರಣ ಕಳೆದುಹೋದರೂ ನೋವು ಕಳೆದುಹೋಗುವುದಿಲ್ಲ ಎಂದು ಅವತ್ತು ಕಲಿತೆ. ಎರಡನೆಯ ಗುಂಪಿನವರು ಇಷ್ಟು ಗಟ್ಟಿ ಇರಲಿಲ್ಲ. ಹುಸೇನಪ್ಪ ವರ್ಷಾವರ್ಷ ಪಂಜಾ ಹೊರುವವರ ಮುಂದೆ ದಾರಿ ಗುಡಿಸುತ್ತಾನೆಂದು ಅಲಾಯಿ ದೇವರನ್ನು ನೋಡಿಕೊಳ್ಳುವ ಊರಿನ ಮುಜಾವರ ಹೋಗಿ ಹೇಳಿದ ಮೇಲೆ ಅವರು ಸಾಕ್ಷಿಗೆ ಬರಲೇ ಇಲ್ಲ. ಬರದಿದ್ದರೂ ದೂರು ದೂರೇ. ಕಡತದಲ್ಲಿ ಕೂತಿತ್ತು.

ಈ ಹೊತ್ತಿಗೆ ಕುಲಕರ್ಣಿ ಸಾಹೇಬರು ನಿವೃತ್ತರಾಗಿದ್ದರು. ಹೊಸ ಮೇಲಧಿಕಾರಿಗೆ ಫೋನು ಮಾಡಿ, ದುರುದ್ದೇಶ ಇಲ್ಲದ ಕೇಸು ಇದು, ಹಿಂದಕ್ಕೆ ಪಡೆಯಲು ಬರೆಯೋಣ ಎಂದೆ.

"ನಿಮ್ಮನ್ನ ವಿಚಾರವಾದಿ ಅಂತ ಮೊದಲೇ ಮಂದಿ ಅಂತಾರ," ಎಂದರು. "ಈ ಕೇಸು ನೀವು ಬಿಟ್ರ ನಾಳೆ ನನ್ನ ಚೇಂಬರಿನ ಮುಂದ ಕುಂಡರತಾರ. ನಡಸ್ರಿ. ಬಿದ್ದು ಹೋದ್ರ ಹೋಗ್ಲಿ, ನಾವು ಬಿಟ್ವಿ ಅಂತ ಆಗಬಾರದು."

ಎಳೆಯರೇ, ಈ ವಾಕ್ಯವನ್ನು ನೆನಪಿಡಿ. ನಿಮ್ಮ ಮೇಜಿಗೆ ಬರುವ ಅರ್ಧ ಕೇಸುಗಳು ಬದುಕಿರುವುದೇ ಇದರ ಮೇಲೆ. ಇಂಥ ಕೇಸು ನಡೆಸಲು ಬೇಕಾದ ಸರ್ಕಾರದ ಪೂರ್ವಾನುಮತಿ, ಇತರ ಕೇಸುಗಳಲ್ಲಿ ಎಮ್ಮೆಯಂತೆ ಬರುವಂಥದ್ದು, ಇದರಲ್ಲಿ ಓಡಿ ಬಂತು.

ಆಮೇಲೆ ಶುರುವಾದದ್ದು ತಾರೀಖುಗಳು. ಕೋರ್ಟಿನ ತಾರೀಖು ಬಂದಾಗಲೆಲ್ಲ ಹುಸೇನಪ್ಪ ಷೇರ್ ಆಟೋ ಹಿಡಿದು, ಆಮೇಲೆ ಬಸ್ಸು ಹಿಡಿದು ಬರಬೇಕು. ಬಿತ್ತನೆಯ ದಿನ ಟ್ರ್ಯಾಕ್ಟರ್ ನಿಲ್ಲಿಸಿ ಬಂದರೆ ಹೊಲದವರು ಬೇರೆ ಚಾಲಕನನ್ನು ಕರೆಯುತ್ತಾರೆ. ಜಾಮೀನಿನ ಶರತ್ತಿನಲ್ಲಿ, ಇಂಥ ಕೃತ್ಯ ಮತ್ತೆ ಮಾಡಕೂಡದು ಎಂದಿತ್ತು. ಹಾಗಾಗಿ ಕೇಸು ಮುಗಿಯುವವರೆಗೆ ಸೋಗು ಹಾಕುವಂತಿಲ್ಲ. ಅವನ ಹೆಂಡತಿ ದುರುಗಮ್ಮನೂ ಜೊತೆಗೆ ಬರುತ್ತಿದ್ದಳು. ಒಮ್ಮೆ ಕೋರ್ಟಿನ ಪಡಸಾಲೆಯಲ್ಲಿ ನನ್ನನ್ನು ತಡೆದು ಕೇಳಿದಳು.

"ಸಾಹೇಬ್ರ, ನೀವು ನಮ್ಮ ಕಡಿಯಾರೋ ಅವರ ಕಡಿಯಾರೋ?"

"ನಾನು ಸರಕಾರದ ಕಡೆಯವ್ನು, ತಾಯಿ."

"ಸರಕಾರಕ್ಕೇನ ಆಗೇತ್ರಿ ನೋವು?"

ಏನೋ ಚುರುಕಾದ ಉತ್ತರ ಕೊಟ್ಟೆನೆಂದು ನೆನಪು ಒಂದು ಕಾಲಕ್ಕೆ ಹೇಳುತ್ತಿತ್ತು. ಅದನ್ನು ಈಗ ನಂಬುವುದಿಲ್ಲ.

ಹುಸೇನಪ್ಪ ಹೆಂಡತಿಗೆ ಗದರಿದ, "ಸುಮ್ನಿರು. ಅವ್ರೂ ಸೋಗು ಹಾಕ್ಯಾರ, ಕರೀ ಕೋಟು. ಇಳಿಸೂತನಕ ಅವ್ರ ಮಾತು ಅವ್ರದಲ್ಲ." ಅವನಿಗೆ ಆಗ ಇನ್ನೂ ತಮಾಷೆ ಮಾಡುವ ಕಸುವಿತ್ತು.

ಶರಣುವಿನ ಸಾಕ್ಷಿ ಬಂತು. ಪ್ರಶ್ನೆ ಕೇಳಬೇಕಾದವನು ನಾನೇ. "ಏನು ನೋಡಿದಿರಿ?" ಎಂದರೆ "ಧಕ್ಕೆ ನೋಡಿದೆ" ಎಂದ. ಧಕ್ಕೆಯನ್ನು ವಿವರಿಸಲು ಹೇಳಿದೆ. ಅವನ ತುಣುಕಿನಲ್ಲಿ ಮುಲ್ಲಾ ಇಲ್ಲದ್ದರಿಂದ ಸ್ವಾಮಿ ಯಾರ ಜೊತೆ ಜಗಳವಾಡುತ್ತಿದ್ದಾನೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಗಾಳಿಯ ಜೊತೆ ಎಂದುಕೊಂಡಿದ್ದ. ಆರೋಪಿಯ ವಕೀಲರು ಎದ್ದು, "ನೀವು ಆ ಊರಿಗೆ ಹೋಗೀರೇನ್ರಿ?" ಎಂದರು.

"ಇಲ್ರಿ. ದಾರಿ ಚಲೋ ಇಲ್ಲ."

"ಆ ಊರಿನ ಸ್ವಾಮಿಗಳ ಹೆಸರು?"

"ಸ್ವಾಮಿಗಳಂದ್ರ ಎಲ್ಲಾರೂ ಒಂದ ರೀ. ಹೆಸರ ಯಾಕ ಬೇಕು?"

ಅವನ ಭಕ್ತಿಗೆ ಸ್ವಾಮಿಯ ಹೆಸರೂ ಬೇಕಿರಲಿಲ್ಲ. ನಾನು ನಾಸ್ತಿಕ. ಆದರೂ ಊರಿನ ಎಲ್ಲ ದೇವರುಗಳ ಹೆಸರು ನನಗೆ ಬರುತ್ತದೆ.

ಅದೇ ದಿನವೋ ಮುಂದಿನ ತಾರೀಖೋ, ಮಧ್ಯಾಹ್ನದ ವಿರಾಮದಲ್ಲಿ ಒಬ್ಬ ಮುದುಕರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮಾಸಿದ ಕಾವಿ, ಕೈಯಲ್ಲಿ ವೈರಿನ ಚೀಲ. ಬರಿಗಾಲಲ್ಲಿದ್ದರೆಂದು ನೆನಪು. ಹವಾಯಿ ಚಪ್ಪಲಿ ಇದ್ದರೂ ಇರಬಹುದು.

"ನಮಸ್ಕಾರ್ರಿ. ನಂದೊಂದು ಪಾದುಕ ನಿಮ್ಮ ಹತ್ರ ಐತಂತ. ಒಯ್ಯಾಕ ಬಂದೀನಿ."

ಚೀಲದಿಂದ ಒಂದು ಪಾದುಕೆ ತೆಗೆದು ಮೇಜಿನ ಮೇಲಿಟ್ಟರು. ಬಲಗಾಲಿನದು. ಪೊಲೀಸರು ಹುಸೇನಪ್ಪನ ಸೋಗಿನ ಸಾಮಾನನ್ನೆಲ್ಲ ಜಪ್ತಿ ಮಾಡಿದ್ದರು. ಮುದ್ದೆಮಾಲಿನ ಗಂಟಿನಲ್ಲಿ ಎಡಗಾಲಿನ ಪಾದುಕೆ ಒಂದೇ ಇತ್ತು. ಒಂಟಿ ಪಾದುಕೆಯ ಜೋಡಿ ಎಲ್ಲಿ ಎಂದು ತನಿಖಾಧಿಕಾರಿಗೆ ತೋಚಿರಲಿಲ್ಲ. ನಾಚಿಕೆಯ ಮಾತೆಂದರೆ ನನಗೂ ತೋಚಿರಲಿಲ್ಲ.

"ನೀವು..."

"ಹುಸೇನಪ್ಪನ ಊರ ಮಠದಾಗ ಅದೀನಿ. ಅಜ್ಜಾರಂತಾರ."

"ಅಜ್ಜಾರ, ಇದು ಹುಸೇನಪ್ಪನ ಕೈಗೆ ಹೆಂಗ ಬಂತು?"

"ನಾನಾ ಕೊಟ್ಟೀನಿ. ವರ್ಷಾ ಕೊಡ್ತೀನಿ, ಕಾವೀನೂ ನಂದಾ. ಹರಕಂದು ಕೊಟ್ರ ಒಲ್ಲೆ ಅಂತಾನ ಭಾಡ್ಯಾ. ತೊಳೆದು ಇಸ್ತ್ರಿ ಮಾಡಿದ್ದು ಬೇಕಂತ. ಆ ಕಡೀ ಅಂಗಿ ಮುಜಾವರಂದು. ಅವನೂ ಹಂಗಾ ಬೈಕೋಂತ ಕೊಡ್ತಾನ."

ಅಣಕಿಸಿಕೊಂಡವರೇ ವೇಷದ ಬಟ್ಟೆ ಕೊಟ್ಟಿದ್ದರು. ಇದನ್ನು ಯಾರೂ ಕೇಳಿರಲಿಲ್ಲ, ಏಕೆಂದರೆ ನೊಂದವರು ಬೇರೆಯವರು. ಮೇಲಧಿಕಾರಿಗೆ ಫೋನು ಮಾಡಿದೆ. "ಸಾಕ್ಷಿ ಪಟ್ಟಿಯಲ್ಲಿ ಇಲ್ಲದವರನ್ನು ಯಾಕೆ ಎಳೀತೀರಿ? ಪಾದುಕೆ ಬೇಕಂದ್ರ ಕೇಸು ಮುಗಿದ ಮ್ಯಾಲೆ ಒಯ್ಯಲಿ," ಎಂದರು. ನಾನು ಫೋನು ಇಟ್ಟು ನ್ಯಾಯಾಲಯಕ್ಕೆ ಅರ್ಜಿ ಹಾಕಿದೆ. ಈ ಮುದುಕರನ್ನು ಸಾಕ್ಷಿಯಾಗಿ ವಿಚಾರಿಸಬೇಕೆಂದು ಕೋರಿದೆ. ಸರ್ಕಾರಿ ವಕೀಲನ ಕೆಲಸ ಶಿಕ್ಷೆ ಕೊಡಿಸುವುದಲ್ಲ, ಇದ್ದದ್ದನ್ನು ನ್ಯಾಯಾಲಯದ ಮುಂದಿಡುವುದು. ಇದು ಪುಸ್ತಕದಲ್ಲೇ ಇದೆ. ಅದನ್ನು ಮಾಡಿದವರಿಗೆ ವರ್ಗಾವಣೆಯಾಗುತ್ತದೆ ಎಂಬುದು ಮಾತ್ರ ಪುಸ್ತಕದಲ್ಲಿಲ್ಲ. ನನಗೆ ಆಯಿತು.

ಅಜ್ಜಾರು ಕಟಕಟೆ ಹತ್ತಿದರು. ಪ್ರಮಾಣ ಮಾಡಿ ಎಂದರೆ, "ಸುಳ್ಳ ಹೇಳಾಕ ಇಷ್ಟು ದೂರ ಯಾಕ ಬರಲಿ?" ಎಂದರು. ಪಾದುಕೆ, ಕಾವಿ ಗುರುತಿಸಿದರು. ನ್ಯಾಯಾಧೀಶರೇ ಕೇಳಿದರು, "ನಿಮ್ಮನ್ನ ಎಲ್ಲರೆದುರು ಅಣಕಿಸಿದ್ದಾನೆ. ನಿಮಗೆ ನೋವಾಗಲಿಲ್ಲವೆ?"

ಇಲ್ಲ ಎನ್ನುತ್ತಾರೆ, ಅಲ್ಲಿಗೆ ಕೇಸು ಮುಗಿಯುತ್ತದೆ ಎಂದು ನಾನು ಕಾಯುತ್ತಿದ್ದೆ.

"ಆತ್ರಿ," ಎಂದರು ಅಜ್ಜಾರು. "ವರ್ಷಾ ಆಗ್ತದ. ಆಗಲಿ ಅಂತನಾ ಮಾಡ್ತಾನ ಅವ. ಆ ವರ್ಷ ಮಠದ ದಾಸೋಹದಾಗ ರೊಕ್ಕದ ಮಂದಿಗೆ ಬ್ಯಾರೆ ಪಂಕ್ತಿ ಮಾಡಿದ್ದೆ. ಮೊದಲ ತುತ್ತು ನಂದು ಅಂತ ಅವ ಕೂಗಿದಾಗ ಮಂದಿ ಎಲ್ಲಾ ನನ್ನ ಮಾರಿ ನೋಡಿದ್ರು. ಎರಡು ದಿನ ನಿದ್ದಿ ಬರ್ಲಿಲ್ಲ. ಮೂರನೇ ದಿನ ಪಂಕ್ತಿ ಒಂದಾ ಮಾಡಿದೆ. ಪೊಲೀಸ್ನೋರಿಗೆ ಹೇಳೂದು ಇದ್ರಾಗ ಏನೈತ್ರಿ? ನೋವಾತು, ನಾನು ತಿದ್ದಿಕೊಂಡೆ."

ನ್ಯಾಯಾಧೀಶರು ನಕ್ಕರೆಂದು ನಾನು ಹೇಳುತ್ತ ಬಂದಿರುವುದು ಇಲ್ಲಿಯೇ. ಅಲ್ಲಿ ಯಾರೂ ನಕ್ಕಿರಲಿಲ್ಲವೆಂದು ಈಗ ಬರೆಯುವಾಗ ಅನ್ನಿಸುತ್ತಿದೆ. ಶರಣು ಮೊಬೈಲು ನೋಡುತ್ತಿದ್ದ. ಇದರಲ್ಲಿ ಅನುಮಾನವಿಲ್ಲ, ಬೆಂಚ್ ಕ್ಲರ್ಕ್ ಅವನನ್ನು ಗದರಿದ್ದು ಇನ್ನೂ ಕಿವಿಯಲ್ಲಿದೆ.

ಹುಸೇನಪ್ಪ ಖುಲಾಸೆಯಾದ. ದುರುದ್ದೇಶ ಸಾಬೀತಾಗಿಲ್ಲವೆಂದು ತೀರ್ಪು. ಶರಣು ಹೊರಗೆ ಬಂದು, ನ್ಯಾಯಾಂಗದ ಮೇಲೆ ಗೌರವವಿದೆ, ಆದರೆ ನೋವಾಗಿದೆ ಎಂದು ಒಂದು ವಿಡಿಯೋ ಮಾಡಿದ. ಮುಂದಿನ ಚುನಾವಣೆಯಲ್ಲಿ ಅವನಿಗೆ ಏನೋ ಸಣ್ಣ ಸ್ಥಾನ ಸಿಕ್ಕಿತು. ನೋವಿಗೆ ನಮ್ಮಲ್ಲಿ ಪರಿಹಾರವಿದೆ.

ಕಾವಿ ಮತ್ತು ಪಾದುಕೆ ಬಿಡುಗಡೆಯಾಗಿ ಬಂದ ದಿನ ನಾನು ವರ್ಗಾವಣೆಯ ಸಾಮಾನು ಕಟ್ಟುತ್ತಿದ್ದೆ. ಅಜ್ಜಾರು ಗಂಟು ಬಿಚ್ಚಿ, ಅಲ್ಲೇ ಪಡಸಾಲೆಯಲ್ಲಿ ಹುಸೇನಪ್ಪನ ಕೈಗೆ ಕೊಡಲು ಹೋದರು.

"ತಗೋಳಲೇ, ಮೊಹರಮ್ಮು ಹತ್ರ ಬಂತು."

ಹುಸೇನಪ್ಪ ಕೈ ಹಿಂದಕ್ಕೆ ಎಳೆದುಕೊಂಡ. "ನಿಮ್ಮ ಹತ್ರ ಇರ್ಲಿ ಅಜ್ಜಾರ, ನೋಡೋಣು." ಅವನ ಕಣ್ಣು ಅಜ್ಜಾರ ಮೇಲಿರಲಿಲ್ಲ. ಗೇಟಿನ ಹತ್ತಿರ ಮೊಬೈಲು ಹಿಡಿದು ನಿಂತ ಯಾರೋ ಅಪರಿಚಿತನ ಮೇಲಿತ್ತು. ಆ ಮನುಷ್ಯ ಬಹುಶಃ ತನ್ನ ಹೆಂಡತಿಯ ಜೊತೆ ಮಾತಾಡುತ್ತಿದ್ದ.

"ಏನ ನೋಡೂದಲೇ? ಗೆದ್ದೀಯಲ್ಲ!"

"ಹೌದ್ರಿ," ಎಂದ ಹುಸೇನಪ್ಪ.

ಈ ಕೇಸನ್ನು ನಾನು ವರ್ಷಗಟ್ಟಲೆ ಗೆಲುವೆಂದು ಹೇಳಿಕೊಂಡೆ. ನಿವೃತ್ತಿಯ ದಿನ ಮಾತಾಡಿದವರು ಅಭಿವ್ಯಕ್ತಿ ಸ್ವಾತಂತ್ರ್ಯ ಎಂಬ ಪದವನ್ನು ನನ್ನ ಕೊರಳಿಗೆ ಹಾರದ ಜೊತೆ ಹಾಕಿದರು. ತೀರ್ಪಿನ ಹಾಳೆಯಲ್ಲಿ ಇರುವ ಸ್ವಾತಂತ್ರ್ಯ ಅದು. ಓಣಿಯಲ್ಲಿ ಇದೆಯೇ ಎಂದು ನೋಡಲು ನನಗೆ ನಿವೃತ್ತಿಯೇ ಬೇಕಾಯಿತು. ಮನೆಯಲ್ಲಿ ಕೂತರೆ ಕಾಲು ನಿಲ್ಲದು. ಕಳೆದ ಮೊಹರಮ್ಮಿಗೆ ಮಸ್ಕಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು ಆ ಊರಿಗೆ ಹೋದೆ.

ಹಲಗೆ ಬಡಿಯುತ್ತಿದ್ದರು. ಹುಲಿ ಬಂತು, ಕರಡಿ ಬಂತು. ಅವು ಕುಣಿದವು, ಏನೂ ಮಾತಾಡಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲಿತ್ತು. ಸ್ವಾಮಿ ಬರಲಿಲ್ಲ, ಮುಲ್ಲಾ ಬರಲಿಲ್ಲ, ಗೌಡನನ್ನೂ ಯಾರೂ ಅಣಕಿಸಲಿಲ್ಲ. ಹುಲಿಗೆ ಸಂಘಟನೆ ಇಲ್ಲದ್ದರಿಂದ ಹುಲಿಯ ವೇಷಕ್ಕೆ ಅಪಾಯವಿಲ್ಲವೆಂದು ಊರು ಲೆಕ್ಕ ಹಾಕಿತ್ತು. ಬೆಂಕಿ ಹಾಕುವ ಅಲಾಯಿ ಕುಣಿಯ ಪಕ್ಕದಲ್ಲಿ ಹುಸೇನಪ್ಪ ಕೊಡ ಇಟ್ಟುಕೊಂಡು ಬಂದವರಿಗೆ ಬೆಲ್ಲದ ಶರಬತ್ತು ಹಾಕುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದ, ಲೋಟ ತುಂಬಿಸಿದ, ಮುಂದಿನವನ ಕಡೆ ತಿರುಗಿದ.

ಒಬ್ಬನ ಮಾತಿನ ಮೇಲೆ ಯಾವುದನ್ನೂ ನಂಬಬಾರದೆಂಬುದು ನನ್ನ ಕಸುಬಿನ ಅಭ್ಯಾಸ. ಮತ್ತೆ ಸೋಗು ಹಾಕಿದ್ದುಂಟೆ ಎಂದು ಹುಸೇನಪ್ಪನನ್ನೇ ಕೇಳಿದೆ. ಮುಜಾವರನನ್ನು ಅವನ ಮನೆಗೆ ಹೋಗಿ ಬೇರೆಯಾಗಿ ಕೇಳಿದೆ. ದುರುಗಮ್ಮನನ್ನು ಕೇಳಿದೆ. ಅವಳು, "ನೀವಾ ಬಿಡಸಿದ್ರಲ್ರೀ ಸಾಹೇಬ್ರ," ಎಂದು ಮೊದಲು ನನ್ನ ಮುಖ ನೋಡಿ ಆಮೇಲೆ ಉತ್ತರ ಹೇಳಿದಳು. ಮೂವರ ಹೇಳಿಕೆಯಲ್ಲಿ ವ್ಯತ್ಯಾಸವಿಲ್ಲ. ಖುಲಾಸೆಯಾದ ದಿನದಿಂದ ಇಂದಿನವರೆಗೆ ಹುಸೇನಪ್ಪ ಒಂದು ಸಲವೂ ಸೋಗು ಹಾಕಿಲ್ಲ.